ಬುತ್ತಿ ಹಳಸುವಷ್ಟು ದೂರ

ದೂರ ಅಳೆಯುವುದು ನನ್ನ ಕಸುಬು. ಧಾರವಾಡದ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಇಷ್ಟು ವರ್ಷ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಳೆದ ಗೆರೆಗಳನ್ನೆಲ್ಲ ಜೋಡಿಸಿದರೆ ಹುಬ್ಬಳ್ಳಿಗೆ ಹೋಗಿ ಬರಬಹುದು. ಉದ್ದ ಜಿಗಿತದ ಟೇಪು ಹಿಡಿದು ಕೂತಾಗ ಯಾವ ಹುಡುಗಿಯ ಅಪ್ಪ ಬಂದು ಜಗಳ ತೆಗೆದರೂ ಒಂದು ಬೆರಳಿನಷ್ಟೂ ಬಿಟ್ಟುಕೊಟ್ಟವಳಲ್ಲ. ಹಾಗಾಗಿ ಮಗಳ ಮದುವೆಯ ಮಾತಿನಲ್ಲಿ ಎಲ್ಲರೂ ‘ದೂರ ಆತು, ದೂರ ಆತು’ ಎಂದು ರಾಗ ಎಳೆಯತೊಡಗಿದಾಗ ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು.

ಹುಡುಗ ಗುವಾಹಟಿಯವನು. ಕೃಷಿ ಓದಲೆಂದು ಧಾರವಾಡಕ್ಕೆ ಬಂದಿದ್ದ. ಮಗಳ ಜತೆ ಒಂದೇ ಪ್ರಯೋಗಾಲಯದಲ್ಲಿ ಕೂತು ಬೀಜದ ಮೊಳಕೆ ಎಣಿಸಿದ್ದ. ಓದು ಮುಗಿಸಿ ತನ್ನೂರಿಗೆ ಹೋಗಿ ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿಕೊಂಡ. ಮೊಳಕೆ ಎಣಿಸುವಾಗಲೇ ಇಬ್ಬರೂ ಮನಸ್ಸು ಮಾಡಿದ್ದರು. ಮಗಳು ನನಗೆ ಹೇಳಿದಳು, ನಾನು ಅವಳ ಅಪ್ಪನಿಗೆ ಹೇಳಿದೆ, ಅವರು “ಅವ್ವ ಏನಂತಾಳ ಕೇಳೂಣು” ಎಂದರು. ನಮ್ಮ ಮನೆಯವರು ಹೊಸ ಫ್ಯಾನು ಕೊಳ್ಳುವುದಕ್ಕೂ ಇದನ್ನೇ ಹೇಳುವುದು.

ಮಗಳದೂ ಒಂದು ಹಟವಿತ್ತು. “ಆಯಿ ನಿಂತು ಅಕ್ಷತಾ ಹಾಕಿದ್ರ ಮದುವಿ ಆಗ್ತೀನಿ. ಇಲ್ಲಾಂದ್ರ ಅವಂಗ ಬ್ಯಾಡ ಅಂತ ಹೇಳ್ತೀನವ್ವಾ. ಓಡಿ ಹೋಗಾಕಿ ಅಲ್ಲ ನಾ” ಎಂದಳು. ಆಯಿ ಎಂದರೆ ನನ್ನ ಅತ್ತೆ. ಮಗಳನ್ನು ಬೆಳೆಸಿದವರು ಅವರೇ. ನಾನು ಬೆಳಿಗ್ಗೆ ಸೀಟಿ ಹಿಡಿದು ಮೈದಾನಕ್ಕೆ ಹೋದರೆ ಸಂಜೆಯವರೆಗೆ ಮಗು ಅವರ ಸೆರಗಿನಲ್ಲೇ ಇರುತ್ತಿತ್ತು. ಹೀಗಾಗಿ ಎಲ್ಲವೂ ಅತ್ತೆಯ ಒಂದು ಹಿಡಿ ಅಕ್ಕಿಕಾಳಿನ ಮೇಲೆ ಬಂದು ನಿಂತಿತು.

ಧಾರವಾಡದ ಅಂಚಿನ ಕೆಲಗೇರಿಯ ನಮ್ಮ ಮನೆಗೆ ಒಂದು ಭಾನುವಾರ ಹಿರಿಯರು ಬಂದರು. ಹಿರಿಯರೆಂದರೆ ಇಬ್ಬರು. ಒಬ್ಬರು ನನ್ನ ಭಾವ, ಗಂಡನ ಅಣ್ಣ, ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡುವವರು. ಇನ್ನೊಬ್ಬರು ಅತ್ತೆಯ ತಮ್ಮ, ಸುಳ್ಳ ಎಂಬ ಹಳ್ಳಿಯಲ್ಲಿ ಹೊಲಮನೆ ನೋಡಿಕೊಂಡಿರುವ ಮಾವ. ಚಹಾ ಆಯಿತು, ಚುರುಮುರಿ ಆಯಿತು. ಆಮೇಲೆ ಭಾವ ಗಂಟಲು ಸರಿ ಮಾಡಿಕೊಂಡು “ಹುಡುಗ ಛಲೋ ಅದಾನಂತ. ನೌಕರಿನೂ ಛಲೋ ಐತಂತ. ಆದ್ರ ಭಾಳ ದೂರ ಆತು” ಎಂದರು. ಸುಳ್ಳದ ಮಾವನೂ “ಹೌದಪಾ, ದೂರ” ಎಂದರು.

ಜಾತಿ ಎನ್ನಲು ನಾಲಿಗೆ ಹೊರಳದವರಿಗೆ ‘ದೂರ’ ಎಂಬ ಮಾತು ಒಳ್ಳೆಯ ಊರುಗೋಲು. ನಮ್ಮದು ನಿತ್ಯ ವಿಭೂತಿ ಹಚ್ಚಿಕೊಳ್ಳುವ ಮನೆ. ಆ ಹುಡುಗನ ಮನೆಯಲ್ಲಿ ಮೀನು ಬೇಯುತ್ತದೆ. ಅವರ ಮಾತು ಬೇರೆ, ದೇವರು ಬೇರೆ. ಅದನ್ನು ನೇರವಾಗಿ ಹೇಳಿದ್ದರೆ ನಾನೂ ನೇರವಾಗಿ ಉತ್ತರ ಕೊಡುತ್ತಿದ್ದೆ. ಅವರು ದೂರ ಎಂದರು, ನಾನು ಫೋನು ತೆಗೆದೆ.

ಎರಡು ಊರಿನ ಹೆಸರು ಹಾಕಿದರೆ ನಡುವಿನ ವಿಮಾನದ ದೂರ, ವಿಮಾನದ ಹೊತ್ತು ಎರಡನ್ನೂ ಹೇಳುವ ಒಂದು ಜಾಲತಾಣವಿದೆ. ಹುಬ್ಬಳ್ಳಿ ಎಂದು ಹಾಕಿದೆ, ಗುವಾಹಟಿ ಎಂದು ಹಾಕಿದೆ. ನಕ್ಷೆಯ ಮೇಲೆ ನೂಲು ಹಿಡಿದ ಹಾಗೆ ನೆಟ್ಟಗೆ ಒಂದು ಗೆರೆ ಬಂತು.

“ಎರಡು ಸಾವಿರ ಕಿಲೋಮೀಟರ್ ಚಿಲ್ಲರಿ. ವಿಮಾನದಾಗ ಮೂರು ತಾಸು. ಭಾವಾರ, ನೀವು ಬೆಳಗಾವಿಗೆ ಹೋಗಿ ಬರಾಕ ಇದಕ್ಕಿಂತ ಹೆಚ್ಚಿಗಿ ಹೊತ್ತು ಹಿಡೀತೈತ್ರಿ” ಎಂದೆ.

“ಆ ವಿಮಾನ ಎಲ್ಲೈತಿ ತೋರಸವಾ” ಎಂದರು ಭಾವ. “ಹುಬ್ಬಳ್ಳಿಯಿಂದ ನೆಟ್ಟಗ ಅಲ್ಲಿಗೆ ಹೋಗೂ ವಿಮಾನ ನಾ ಅಂತೂ ಕೇಳಿಲ್ಲ. ಗಾಳ್ಯಾಗ ಗೆರಿ ಹೊಡದ್ರ ಊರು ಹತ್ರ ಬರ್ತೈತೇನು?”

ಅವರ ಮಾತು ಖರೆ ಇತ್ತು. ಅಂಥ ವಿಮಾನ ಇಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿ ಕಾದು, ಇನ್ನೊಂದು ಹತ್ತಬೇಕು. ಆದರೆ ಮಾತಿನಲ್ಲಿ ಸೋಲುವ ಅಭ್ಯಾಸ ನನಗಿಲ್ಲ. “ನಡುವ ಒಂದ ಕಡಿ ಬದಲಿ ಮಾಡಿದ್ರಾತು. ಬಾಜೂಕಿನ ಮುಗದ ಹಳ್ಳಿಗೆ ಹೋಗಾಕೂ ಧಾರವಾಡದಾಗ ಬಸ್ ಬದಲಿ ಮಾಡೂದಿಲ್ಲೇನು ಮಂದಿ?” ಎಂದೆ.

ಅಲ್ಲಿಯವರೆಗೆ ಅತ್ತೆ ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಅವರು ಮೊರವನ್ನು ಬದಿಗೆ ಸರಿಸಿ ಹಿರಿಯ ಮಗನನ್ನು ನೋಡಿದರು.

“ದೂರ ಅನ್ನೂದೊಂದ ತಕರಾರೋ, ಮತ್ತೇನರ ಐತೋ? ಇದ್ರ ಈಗ ಹೇಳ್ರಿ. ಆಮ್ಯಾಲ ಚೀಲದೊಳಗಿಂದ ಒಂದೊಂದ ತೆಗೀಬ್ಯಾಡ್ರಿ.”

ಭಾವ ಜಂತಿ ನೋಡಿದರು. ಜಂತಿಯಲ್ಲಿ ಏನೂ ಬರೆದಿರಲಿಲ್ಲ. “ಮತ್ತೇನೈತವ್ವಾ, ದೂರ ಒಂದ” ಎಂದರು. ಸುಳ್ಳದ ಮಾವನೂ “ದೂರ ಒಂದ ನೋಡಕ್ಕಾ” ಎಂದರು.

“ಹಂಗಾರ ಅಳೀಯೂಣು” ಎಂದರು ಅತ್ತೆ. “ಮುಂಜಾನಿ ಕಟ್ಟಿದ ಬುತ್ತಿ ಹಳಸೂದರೊಳಗ ಮುಟ್ಟೂ ಊರಿಗೆ ಹೆಣ್ಣು ಕೊಡಬೇಕು ಅಂತ ನಮ್ಮ ತವರಮನ್ಯಾಗ ಅಂತಿದ್ರು. ನಾ ಮೊಸರು ಬುತ್ತಿ ಕಟ್ಟತೀನಿ. ಸೊಸಿ ಒಯ್ಯಲಿ. ಅವರ ಮನಿ ಹೊಸ್ತಿಲಾ ದಾಟಿ ಬಿಚ್ಚಲಿ. ಹಳಸಿದ್ರ ಈ ಸಂಬಂಧ ಬ್ಯಾಡ. ಹಳಸದಿದ್ರ ಯಾರೂ ತುಟಿ ಪಿಟಕ್ ಅನಬಾರದು.”

ಭಾವನಿಗೆ ಇದು ಹಿಡಿಸಿತು. ಎರಡು ಸಾವಿರ ಕಿಲೋಮೀಟರ್ ಹೋಗುವ ಮೊಸರನ್ನದ ಗತಿ ಏನಾಗುತ್ತದೆಂದು ಅವರು ಆಗಲೇ ಊಹಿಸಿದ್ದರು. “ನಾನೂ ಹೋಗ್ತೀನಿ ಬಿಡವ್ವಾ, ಮನಿ ನೋಡಿಕೊಂಡ ಬಂದಂಗಾತು” ಎಂದರು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಲು ಹೋಗುವವರು ಗಂಡಸರೇ. ಹೆಂಗಸರು ಆ ಮನೆ ನೋಡುವುದು ಮದುವೆಯಾದ ಮೇಲೆ.

“ಇದು ಮನಿ ನೋಡೂ ಶಾಸ್ತ್ರ ಅಲ್ಲಪಾ, ಬುತ್ತಿ ಹೊರೂ ಕೆಲಸ. ನೀ ಹೊರ್ತೀ?” ಎಂದು ಕೇಳಿದರು ಅತ್ತೆ. ಭಾವ ಚುರುಮುರಿಯ ತಟ್ಟೆ ಹತ್ತಿರ ಎಳೆದುಕೊಂಡರು.

ಎಲ್ಲರೂ ಹೋದ ಮೇಲೆ ನಾನು ಗಂಡನ ಮೇಲೆ ಹರಿಹಾಯ್ದೆ. ಓದಿದ ಹುಡುಗಿಯ ಬಾಳನ್ನು ಒಂದು ಡಬ್ಬಿ ಮೊಸರನ್ನದ ಮೇಲೆ ಇಡುವುದೆಂದರೇನು? ಅವರು ಕಿಟಕಿಯ ಹೊರಗೆ ನೋಡುತ್ತ “ಅವ್ವ ಸುಮ್ನ ಏನೂ ಮಾಡಂಗಿಲ್ಲ” ಎಂದರು. ಮಗಳು ಮಾತ್ರ ನಿಜವಾಗಿ ಅಂಜಿದ್ದಳು. “ಹಳಸಿದ್ರವ್ವಾ?” ಎಂದು ಮೆಲ್ಲಗೆ ಕೇಳಿದಳು. “ಹಳಸೂದಿಲ್ಲ. ಒಯ್ಯಾಕಿ ನಾ” ಎಂದೆ. ಹಾಗೆ ಹೇಳುವಾಗ ನನಗೆ ಸಂಶಯ ಇರಲಿಲ್ಲ. ಧೈರ್ಯಕ್ಕೆ ಕಾರಣ ಬೇಕಾಗಿಲ್ಲ ಎಂದು ನಾನು ಓಟದ ಹುಡುಗಿಯರಿಗೂ ಹೇಳುತ್ತೇನೆ.

ಸಂಕ್ರಾಂತಿಗೆ ಇನ್ನೂ ಒಂದು ವಾರವಿತ್ತು. ಹೊರಡುವ ದಿನ ನಸುಕಿನಲ್ಲಿ ಎದ್ದು ನೋಡಿದರೆ ಅತ್ತೆ ಆಗಲೇ ಒಲೆಯ ಮುಂದಿದ್ದರು. ನಮ್ಮ ಅಡುಗೆಮನೆಯಲ್ಲಿ ಒಲೆಯ ನೇರಕ್ಕೆ ಒಂದು ಸೊಟ್ಟ ಕಿಟಕಿ ಇದೆ. ಗೋಡೆ ಹಳೆಯ ಕಾಲದ್ದು, ಆ ಕಿಟಕಿಯ ಸುತ್ತ ಮಾತ್ರ ಬೇರೆ ಇಟ್ಟಿಗೆ. ಯಾರೋ ಕೈ ನಡುಗುವ ಗೌಂಡಿ ಕೂರಿಸಿರಬೇಕೆಂದು ಮದುವೆಯಾಗಿ ಬಂದಾಗಿನಿಂದ ನಾನು ನಗುತ್ತಿದ್ದೆ. ಒಳಗೆ ಕಾಲಿಡಲು ಹೋದರೆ ಅತ್ತೆ “ನೀ ಸೀರಿ ಉಟಗೋ ಹೋಗು” ಎಂದು ಅಟ್ಟಿದರು. ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆಯ ವಾಸನೆಯಷ್ಟೇ ಹೊರಗೆ ಬಂತು. ಆಮೇಲೆ ಬಾಳೆಎಲೆ ಹಾಸಿದ ಸ್ಟೀಲಿನ ಡಬ್ಬಿ ಬಂತು, ಅದರ ಮೇಲೆ ಬಿಳಿಯ ಬಟ್ಟೆಯ ಗಂಟು. ಗಂಟಿನ ಮೇಲೆ ಕೈಯಿಟ್ಟು “ದಾರ್ಯಾಗ ಬಿಚ್ಚಬ್ಯಾಡ. ಎಲ್ಲೀತನಕ?” ಎಂದರು. “ಹೊಸ್ತಿಲಾ ದಾಟೂತನಕ” ಎಂದೆ, ಶಾಲೆಯ ಹುಡುಗಿಯ ಹಾಗೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಗಂಟು ಬಿಚ್ಚಲು ಹೇಳಿದಳು. ಬಿಚ್ಚುವುದಿಲ್ಲ ಎಂದೆ. ಅವಳು ಒಳಗೇನಿದೆ ಎಂದು ಹಿಂದಿಯಲ್ಲಿ ಕೇಳಿದಳು. ನಾನು ನನ್ನ ಹುಬ್ಬಳ್ಳಿ ಹಿಂದಿಯಲ್ಲಿ ಮೊಸರನ್ನ, ಮಗಳ ಮದುವೆ, ಅತ್ತೆ ಎಲ್ಲವನ್ನೂ ಹೇಳಿದೆ. ಹಿಂದೆ ನಿಂತ ಸಾಲು ಬೆಳೆಯಿತು. ಅವಳು ಕೊನೆಗೆ ಡಬ್ಬಿಯನ್ನು ಇನ್ನೊಮ್ಮೆ ಯಂತ್ರದೊಳಗೆ ಕಳಿಸಿ, ಪರದೆ ನೋಡಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. “ಅತ್ತೆಗೆ ನಮಸ್ಕಾರ ಹೇಳಿ” ಎಂದಳು.

ಬೆಂಗಳೂರಿನ ತನಕ ಎಲ್ಲ ಸರಿಯಿತ್ತು. ಅಲ್ಲಿ ಕೂತ ಮೇಲೆ ಗುವಾಹಟಿಯಲ್ಲಿ ಮಂಜು ಬಿದ್ದಿದೆ, ವಿಮಾನ ತಡ ಎಂದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೂ ತಡ ಎಂದರು. ಫೋನು ತೆಗೆದು ಮತ್ತೆ ಅದೇ ಜಾಲತಾಣ ನೋಡಿದೆ. ಅದು ಈಗಲೂ ಮೂರು ತಾಸು ಎಂದೇ ಹೇಳುತ್ತಿತ್ತು. ಕಾಯುವುದನ್ನು, ಹತ್ತುವುದನ್ನು, ಇಳಿಯುವುದನ್ನು, ಮಂಜನ್ನು ಲೆಕ್ಕಕ್ಕೆ ಹಿಡಿಯದೆ ದೂರ ಹೇಳುವವರ ಮೇಲೆ ನನಗೆ ರೇಗಿತು. ನೂರು ಮೀಟರ್ ಓಟದಲ್ಲಿ ನಾನು ಹೀಗೆ ಮಾಡಿದ್ದರೆ ಯಾರೂ ಬಿಡುತ್ತಿರಲಿಲ್ಲ. ಡಬ್ಬಿಯನ್ನು ಬಿಸಿಲು ಬೀಳದ ಕುರ್ಚಿಗೆ ಸರಿಸಿದೆ, ಆಮೇಲೆ ತಣ್ಣನೆಯ ಗಾಳಿ ಬರುವ ಕಡೆ ಸರಿಸಿದೆ. ಒಮ್ಮೆ ಗಂಟಿಗೆ ಮೂಗು ಹಚ್ಚಿದೆ. ಬಟ್ಟೆಯ ಸೋಪಿನ ವಾಸನೆ ಬಿಟ್ಟರೆ ಏನೂ ತಿಳಿಯಲಿಲ್ಲ. ಪಕ್ಕದ ಹೆಂಗಸು ನನ್ನನ್ನು ನೋಡಿ ತನ್ನ ಚೀಲ ಹತ್ತಿರ ಎಳೆದುಕೊಂಡಳು.

ವಿಮಾನ ಇಳಿಯುವಾಗ ಕೆಳಗೆ ಬ್ರಹ್ಮಪುತ್ರ ಕಂಡಿತು. ನದಿಯ ನಡುವೆಯೇ ಊರು ಕಟ್ಟುವಷ್ಟು ಮರಳು. ಹೊರಗೆ ಬಂದರೆ ಕತ್ತಲು. ಗಡಿಯಾರ ನೋಡಿದರೆ ಧಾರವಾಡದಲ್ಲಿ ಮಕ್ಕಳು ಇನ್ನೂ ಬಿಸಿಲಿನಲ್ಲಿ ಕಬಡ್ಡಿ ಆಡುವ ಹೊತ್ತು. ಗಡಿಯಾರ ಒಂದೇ, ಹೊತ್ತು ಬೇರೆ. ಆಗ ಮಾತ್ರ ಇದು ದೂರವೇ ಹೌದು ಎಂದು ಒಪ್ಪಿಕೊಂಡೆ. ಮಗಳು ಇಲ್ಲಿ ಸಂಜೆಯ ದೀಪ ಹಚ್ಚುವಾಗ ನಾನು ಅಲ್ಲಿ ಬಿಸಿಲಿನಲ್ಲಿರುತ್ತೇನೆ.

ಹುಡುಗ ಕರೆಯಲು ಬಂದಿದ್ದ. “ಬರ್ರಿ, ಆರಾಮ ಇದ್ದೀರೇನ್ರಿ? ಚೀಲಾ ಕೊಡ್ರಿ” ಎಂದ. ಧಾರವಾಡ ಕಲಿಸಿದ ಕನ್ನಡ. ಚೀಲ ಕೊಟ್ಟೆ, ಗಂಟು ಕೊಡಲಿಲ್ಲ.

ಅವನ ತಾಯಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಗಂಡ ತೀರಿಕೊಂಡ ಮೇಲೆ ಮಗನನ್ನು ಒಬ್ಬರೇ ಬೆಳೆಸಿದ್ದರು. ಹೊಸ್ತಿಲು ದಾಟಿದವಳೇ ನಾನು ಸೋಫಾದ ಮೇಲೆ ಕೂರದೆ ತಟ್ಟೆ ಕೇಳಿದೆ. ಅವರು ನಗುತ್ತ ಅಡುಗೆಮನೆಗೇ ಕರೆದುಕೊಂಡು ಹೋದರು. ಅಲ್ಲೇ ಕಟ್ಟೆಯ ಮೇಲೆ ಗಂಟು ಬಿಚ್ಚಿದೆ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಸೆರಗಿನಿಂದ ಹಿಡಿದು ಜಗ್ಗಿ ತೆಗೆದೆ.

ಮೂಗಿಗೆ ಹುಳಿ ಬಡಿಯಲಿಲ್ಲ. ಬಾಯಿಗೆ ಹಾಕಿಕೊಂಡೆ. ಆಗಷ್ಟೇ ಹೆಪ್ಪುಗಟ್ಟಿದ ಸಿಹಿ ಮೊಸರು, ಮೆತ್ತಗಿನ ಅನ್ನ. ನನಗೆ ತಿಳಿದುಹೋಯಿತು. ಅತ್ತೆ ಅನ್ನಕ್ಕೆ ಕಲಸಿದ್ದು ಮೊಸರಲ್ಲ, ಹಾಲು. ಅದಕ್ಕೆ ಹನಿಯಷ್ಟು ಮೊಸರು ಬಿಟ್ಟಿದ್ದರು. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಕೂತು ಅದು ಮೊಸರಾಗಿತ್ತು. ಇಡೀ ಹಗಲಿನ ದಾರಿಗೆ ಕಟ್ಟುವ ಬುತ್ತಿ ಇದು. ನಾನು ಅಷ್ಟು ಜೋರಾಗಿ ಮೂರು ತಾಸು ಎಂದಿದ್ದರೂ ಅವರು ನಂಬಿರಲಿಲ್ಲ. ನಾನು ಅಲ್ಲೇ ನಿಂತು ನಗತೊಡಗಿದೆ. ಹುಡುಗನ ತಾಯಿಗೂ ಒಂದು ತುತ್ತು ಕೊಟ್ಟೆ. ಅವರು ಕಣ್ಣುಮುಚ್ಚಿ ತಿಂದು ಮಗನನ್ನು ಕರೆದರು. ಮೂವರೂ ನಿಂತುಕೊಂಡೇ ಡಬ್ಬಿ ಖಾಲಿ ಮಾಡಿದೆವು.

ಆ ಅಡುಗೆಮನೆಯಲ್ಲೇ ನಾವಿಬ್ಬರೂ ಹೆಚ್ಚು ಹೊತ್ತು ಕಳೆದೆವು. ಹಿಂದಿ ಇಬ್ಬರದೂ ಅಷ್ಟಕ್ಕಷ್ಟೇ ಆಗಿದ್ದರಿಂದ ಮುಚ್ಚಿಡುವ ಮಾತು ಯಾವುದೂ ಬರಲಿಲ್ಲ. ಇಲ್ಲಿ ದಿನಾ ಮೀನು ಮಾಡುತ್ತೇವೆ, ನಿಮ್ಮ ಮಗಳು ತಿನ್ನಬೇಕೆಂದಿಲ್ಲ, ಮುಟ್ಟಬೇಕೆಂದೂ ಇಲ್ಲ, ಅವಳಿಗೆ ಬೇರೆ ಒಲೆ ಬೇಕೆಂದರೆ ಇಡುತ್ತೇನೆ ಎಂದರು. ಅದನ್ನು ಅವಳನ್ನೇ ಕೇಳಿ, ಅವಳಿಗೆ ಬಾಯಿದೆ ಎಂದೆ. “ಗೊತ್ತು, ಫೋನಿನಲ್ಲಿ ಕೇಳಿದ್ದೇನೆ” ಎಂದು ಅವರು ನಕ್ಕರು. ಮರುದಿನ ಪೇಟೆಗೆ ಹೋಗಿ ಹೊಸ ತವಾ ತಂದರು. ಅದರ ಮೇಲೆ ಅಕ್ಕಿ ಹಿಟ್ಟು ತೆಳ್ಳಗೆ ಹರವಿ, ನಡುವೆ ಎಳ್ಳು ಬೆಲ್ಲ ಇಟ್ಟು ಸುರುಳಿ ಸುತ್ತಿದರು. ತಿಲ ಪಿಠಾ ಎಂದು ಹೆಸರು ಹೇಳಿದರು. ನಮ್ಮ ಡಬ್ಬಿಯನ್ನು ಖಾಲಿ ಕಳಿಸಲು ಅವರ ಮನಸ್ಸು ಒಪ್ಪಲಿಲ್ಲ. ಅದರ ತುಂಬ ಪಿಠಾ ಇಟ್ಟು, ಅದೇ ಬಿಳಿಯ ಬಟ್ಟೆ ಒಗೆದು ಒಣಗಿಸಿ, ಮೊದಲಿನ ಹಾಗೆಯೇ ಗಂಟು ಕಟ್ಟಿದರು.

ನಾನು ಊರಿಗೆ ಬಂದ ಮರುದಿನ ಮತ್ತೆ ಹಿರಿಯರು ಸೇರಿದರು. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಬುತ್ತಿ ಹಳಸಿರಲಿಲ್ಲ ಎಂದೆ. ಭಾವ “ಚಳಿಗಾಲದಾಗ ಏನು ಹಳಸ್ತೈತಿ? ಅದರಾಗ ವಿಮಾನದಾಗ ಎಲ್ಲಾ ತಂಪ” ಎಂದು ಹೊಸ ದಾರ ಎಳೆಯಲು ನೋಡಿದರು.

ಅತ್ತೆ ಗಂಟು ಬಿಚ್ಚಿ, ಡಬ್ಬಿ ತೆರೆದು, ಎಲ್ಲರ ಮುಂದೆ ಹಿಡಿದರು. “ಆ ಮನಿಯಿಂದ ಬಂದ ಬುತ್ತಿ. ಎಳ್ಳು ಬೆಲ್ಲ. ತಗೋರಿ” ಎಂದರು. ತಾವೇ ಮೊದಲು ಮುರಿದು ಬಾಯಿಗೆ ಹಾಕಿಕೊಂಡರು. “ನಮ್ಮ ಎಳ್ಳು ಹೋಳಿಗಿ ಇದ್ದಂಗ ಐತಿ” ಎಂದರು. ನಮ್ಮ ಮನೆಯವರು ಎರಡು ತೆಗೆದುಕೊಂಡರು. ಸುಳ್ಳದ ಮಾವ ಅಕ್ಕನ ಮುಖ ನೋಡಿ ಒಂದು ತೆಗೆದುಕೊಂಡರು. ಭಾವನ ಕೈ ಡಬ್ಬಿಯ ತನಕ ಬಂದು ಅಲ್ಲೇ ನಿಂತಿತು.

ಆ ತವಾ ಹೊಸದು, ಅದರ ಮೇಲೆ ಮೀನು ಕಾಯಿಸಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಲಿಲ್ಲ. ಹೇಳಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

“ಯಾಕ? ಹಳಸೈತೇನು?” ಎಂದು ಕೇಳಿದರು ಅತ್ತೆ.

ಭಾವ ತಾಯಿಯನ್ನು ನೋಡಿದರು. ಆಮೇಲೆ ಬಾಗಿಲಲ್ಲಿದ್ದ ಮಗಳನ್ನು ನೋಡಿದರು. ಚಿಕ್ಕವಳಿದ್ದಾಗ ಅವಳನ್ನು ಹತ್ತಿಯ ಅಂಡಿಗೆಗಳ ಮೇಲೆ ಕುಣಿಸಿದವರು ಅವರೇ. ಒಂದು ಪಿಠಾ ತೆಗೆದು, ಪೂರ್ತಿ ತಿಂದು, ಬೆರಳಿಗೆ ಹತ್ತಿದ ಎಳ್ಳನ್ನೂ ನೆಕ್ಕಿದರು. “ಇಲ್ಲವ್ವಾ. ಛಲೋ ಐತಿ” ಎಂದರು. ಮುಂದೆ ಅಕ್ಷತೆಯ ಅಕ್ಕಿಗೆ ಅರಿಶಿನ ಕಲಸುವವರೆಗೂ ಅವರ ಬಾಯಲ್ಲಿ ದೂರ ಎಂಬ ಮಾತು ಬರಲಿಲ್ಲ.

ಆ ದಿನ ಅವರನ್ನೆಲ್ಲ ಕಳಿಸಿ ನಾನು ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ಆ ಸೊಟ್ಟ ಕಿಟಕಿಯ ಬೆಳಕಿನಲ್ಲಿ ಡಬ್ಬಿ ಒರೆಸುತ್ತಿದ್ದರು.

“ಹಾಲು ಹಾಕಿ ಕಲಸಿದ್ರಿ” ಎಂದೆ.

“ಮತ್ತ? ನಿನ್ನ ಫೋನಿನ ಮಾತ ಕೇಳಿ ಬುತ್ತಿ ಕಟ್ಟಲೇನು?” ಎಂದರು. ಡಬ್ಬಿ ಕೆಳಗಿಟ್ಟರು. “ಒಲಿ ಮುಂದ ಕಿಟಕಿ ಐತೇನು ಅವರ ಮನ್ಯಾಗ?”

ನನಗೆ ಪ್ರಶ್ನೆ ಅರ್ಥವಾಗಲಿಲ್ಲ.

“ನನ್ನ ಇಲ್ಲಿಗೆ ಕೊಡೂ ಮುಂದ ಸುಳ್ಳದಿಂದ ನಾಕ ಮಂದಿ ಗಂಡಸರು ಚಕ್ಕಡಿ ಹೂಡಿಕೊಂಡ ಬಂದು ಮನಿ ನೋಡಿದ್ರು. ಎತ್ತು ನೋಡಿದ್ರು, ಬಾವಿ ನೋಡಿದ್ರು, ಕಾಳಿನ ಹಗೇವು ನೋಡಿದ್ರು. ಛಲೋ ಮನಿ ಅಂತ ಹೇಳಿದ್ರು. ಒಲಿ ಯಾರೂ ನೋಡಲಿಲ್ಲ. ಈ ಗ್ವಾಡಿಗೆ ಒಂದ ಕಿಂಡಿನೂ ಇರಲಿಲ್ಲ. ಹೊಗಿಗೆ ಕಣ್ಣು ಉರದು ಉರದು, ಅಳಾಕತ್ತೀನೋ ಹೊಗಿನೋ ನನಗ ತಿಳೀತಿರಲಿಲ್ಲ. ಕಡೀಕ ನಿಮ್ಮ ಭಾವ ಕಬ್ಬಿಣದ ಹಾರಿ ತಗೊಂಡು ಗ್ವಾಡಿ ಒಡದ. ಹದಿನಾರರ ಪೋರ, ಸೊಟ್ಟ ಒಡದ” ಎಂದು ನಕ್ಕರು. “ನಮ್ಮವ್ವ ಪ್ರತಿ ವರ್ಷಾ ಸುಳ್ಳದಿಂದ ಬುತ್ತಿ ಕಳಸ್ತಿದ್ಲು. ಬುತ್ತಿ ಬರ್ತಿತ್ತು. ಅವ್ವ ಬರ್ತಿರಲಿಲ್ಲ. ಹೆಣ್ಣು ಕೊಟ್ಟ ಮನಿಗೆ ತಾಯಿ ಹಂಗೆಲ್ಲಾ ಹೋಗಬಾರದು ಅಂತಿದ್ರು. ಒಂದ ಹಗಲಿನ ಹಾದಿ. ಸಾಯೂತನಕ ಆಕೀಗೆ ದಾಟಾಕ ಆಗಲಿಲ್ಲ.”

ಆಗ ನನಗೆ ಬುತ್ತಿಯ ಅರ್ಥ ಆಯಿತು. ಹಳಸುವುದೋ ಇಲ್ಲವೋ ನೋಡಲು ಅವರು ನನ್ನನ್ನು ಕಳಿಸಿರಲಿಲ್ಲ. ಹೆಣ್ಣು ಕೊಡುವ ಮುಂಚೆ ಹೆಣ್ಣಿನ ತಾಯಿ ಆ ಮನೆಯ ಒಲೆಯ ಮುಂದೆ ಒಮ್ಮೆ ನಿಲ್ಲಲಿ ಎಂದು ಕಳಿಸಿದ್ದರು.

“ಐತ್ರಿ ಅತ್ತಿ. ದೊಡ್ಡ ಕಿಟಕಿ. ಹೊರಗ ಲಿಂಬಿ ಗಿಡ ಐತಿ. ಒಲಿ ಮುಂದ ನಿಂತ ಕೈ ಚಾಚಿದ್ರ ಲಿಂಬಿಹಣ್ಣು ಸಿಗತಾವ” ಎಂದೆ.

ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು.

“ಹಂಗಾರ ದೂರ ಇಲ್ಲ ಬಿಡವಾ” ಎಂದರು.